ಉಸಿರು ಮತ್ತು ಅರಿವು

ಕನ್ನಡದಲ್ಲಿ 'ಉಸಿರು' ಎಂಬ ಮಾತಿಗೆ ಎರಡು ಅರ್ಥಗಳಿವೆ. ಮೂಗಿನಿಂದ ಒಳಹೋಗಿ ಹೊರಬರುವ ಗಾಳಿ ಒಂದು. ಬಾಯಿಂದ ಹೊರಡುವ ಮಾತು ಇನ್ನೊಂದು. ಹಳೆಯ ಕಾವ್ಯಗಳಲ್ಲಿ 'ಉಸಿರಿದನು' ಎಂದರೆ ಹೇಳಿದನು ಎಂದೇ ಅರ್ಥ. ಇಂದಿಗೂ ಒಂದು ಸಂಗತಿಯನ್ನು ಮುಚ್ಚಿಟ್ಟವನನ್ನು ಕುರಿತು 'ಆತನು ಅದರ ಬಗ್ಗೆ ಉಸಿರೆತ್ತಲಿಲ್ಲ' ಎನ್ನುವುದು ರೂಢಿ. ಉಬ್ಬಸವೆಂಬ ರೋಗವು ಈ ಎರಡು ಉಸಿರುಗಳನ್ನೂ ಕಸಿದುಕೊಳ್ಳುತ್ತದೆ. ಅದು ಕೆರಳಿದಾಗ ರೋಗಿಗೆ ಗಾಳಿ ಸಾಲದು. ಒಂದು ವಾಕ್ಯವನ್ನು ಪೂರ್ತಿಯಾಗಿ ಆಡುವುದೂ ಆಗದು. ಅದು ಅಡಗಿದಾಗ, ನಾಲ್ಕು ಜನ ಏನೆಂದುಕೊಂಡಾರೋ ಎಂಬ ಸಂಕೋಚದಿಂದ ಆತನು ತನ್ನ ರೋಗದ ವಿಷಯವನ್ನೇ ಎತ್ತುವುದಿಲ್ಲ. ಈ ಮೌನವನ್ನು ಮುರಿದು, ರೋಗಿಗೆ ತನ್ನ ರೋಗದ ಸ್ವರೂಪವನ್ನು ತಿಳಿಸಿಕೊಡುವುದೇ ಉಬ್ಬಸದ ಚಿಕಿತ್ಸೆಯಲ್ಲಿ ಅರ್ಧ ಭಾಗವೆಂದು ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ.

ಉಬ್ಬಸ, ಗೂರಲು, ದಮ್ಮು ಎಂದು ಜನರು ಕರೆಯುವ ಈ ರೋಗಕ್ಕೆ ವೈದ್ಯರು ಬಳಸುವ ಹೆಸರು ಆಸ್ತಮಾ. ಏದುಸಿರು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಆ ಹೆಸರು ಬಂದಿತು. ನಮ್ಮ ದೇಶದ ಪ್ರಾಚೀನ ವೈದ್ಯಗ್ರಂಥವಾದ ಚರಕಸಂಹಿತೆಯಲ್ಲಿ ಶ್ವಾಸರೋಗಗಳನ್ನು ಐದು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ 'ತಮಕಶ್ವಾಸ' ಎಂಬುದು ಇಂದಿನ ಆಸ್ತಮಾವನ್ನು ಬಹುಮಟ್ಟಿಗೆ ಹೋಲುತ್ತದೆ. ರೋಗವು ಹಳೆಯದಾದರೂ ಅದರ ಹಾವಳಿ ಕಡಿಮೆಯಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ನೀಡಿದ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ 20 ಲಕ್ಷ ಜನರಿಗೆ ಆಸ್ತಮಾ ಇದ್ದಿತು; ಆ ಒಂದು ವರ್ಷದಲ್ಲಿ ಸುಮಾರು 4 ಲಕ್ಷ 55 ಸಾವಿರ ಜನರು ಅದರಿಂದ ಮಡಿದರು. ಅದೇ ವರ್ಷದ ಅಂದಾಜುಗಳಲ್ಲಿ ರೋಗಿಗಳ ಪೈಕಿ ಎಂಟರಲ್ಲಿ ಒಬ್ಬರು ಭಾರತದವರು. ಆದರೆ ಸತ್ತವರ ಪೈಕಿ ಐವರಲ್ಲಿ ಇಬ್ಬರು ಭಾರತದವರು. ಈ ಎರಡು ಪ್ರಮಾಣಗಳ ನಡುವಣ ಅಂತರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ರೋಗವನ್ನು ಹತೋಟಿಯಲ್ಲಿಡುವ ಔಷಧಗಳು ಇದ್ದರೂ ನಮ್ಮಲ್ಲಿ ಅವು ಸರಿಯಾದ ಹೊತ್ತಿಗೆ, ಸರಿಯಾದ ರೀತಿಯಲ್ಲಿ ರೋಗಿಯ ಎದೆಯೊಳಕ್ಕೆ ಇಳಿಯುತ್ತಿಲ್ಲವೆಂಬುದನ್ನು ಅದು ಸೂಚಿಸುತ್ತದೆ.

ಮನುಷ್ಯನ ಶ್ವಾಸನಾಳವು ಎದೆಯೊಳಗೆ ಇಬ್ಭಾಗವಾಗಿ, ಆ ಕವಲುಗಳು ಮತ್ತೆ ಮತ್ತೆ ಕವಲೊಡೆದು, ತಲೆಕೆಳಗಾಗಿ ನೆಟ್ಟ ಮರದಂತೆ ಹರಡಿಕೊಂಡಿದೆ. ಅದರ ತುದಿಯಲ್ಲಿ ಎಲೆಗಳಂತೆ ಕೋಟ್ಯಂತರ ಗಾಳಿಗೂಡುಗಳಿವೆ. ಆಸ್ತಮಾ ಇರುವವರಲ್ಲಿ ಈ ಕೊಂಬೆಗಳ ಒಳಪೊರೆಯು ಸದಾ ಸ್ವಲ್ಪಮಟ್ಟಿಗೆ ಊದಿಕೊಂಡಿರುತ್ತದೆ. ಹೊರಗಿನ ಸಣ್ಣ ಪ್ರಚೋದನೆಗೂ ಅದು ಕೆರಳುತ್ತದೆ. ಧೂಳೋ ಹೊಗೆಯೋ ತಾಕಿದೊಡನೆ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಕೊಳವೆಯ ಸುತ್ತಣ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಒಳಪೊರೆಯು ಇನ್ನಷ್ಟು ಊದುತ್ತದೆ. ಅಂಟಾದ ಕಫವು ಒಸರಿ ಉಳಿದ ಕಿರುದಾರಿಯನ್ನೂ ತುಂಬುತ್ತದೆ. ಆಗ ಗಾಳಿಯನ್ನು ಒಳಗೆಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಹೆಚ್ಚು ಕಷ್ಟವಾಗುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ನುಸುಳುವ ಗಾಳಿಯು ಸಿಳ್ಳೆಯಂಥ ಸದ್ದನ್ನು ಮಾಡುತ್ತದೆ. ನಡುರಾತ್ರಿಯಲ್ಲಿ ಅಥವಾ ಬೆಳಗಿನ ಜಾವದಲ್ಲಿ ರೋಗಿಯು ಕೆಮ್ಮುತ್ತ ಎದ್ದು ಕುಳಿತು, ದಿಂಬಿನ ಮೇಲೆ ಮೊಳಕೈಯೂರಿ, ಗಾಳಿಗಾಗಿ ಹೋರಾಡುವುದನ್ನು ಕಂಡವರು ಅದನ್ನು ಮರೆಯಲಾರರು.

ಈ ರೋಗದ ಇನ್ನೊಂದು ಲಕ್ಷಣವೆಂದರೆ ಅದು ಬರುತ್ತದೆ, ಹೋಗುತ್ತದೆ. ಹೋದರೂ ಪೂರ್ತಿಯಾಗಿ ಹೋಗಿರುವುದಿಲ್ಲ. ಒಬ್ಬ ರೋಗಿಯು ವರ್ಷಕ್ಕೆ ನಾಲ್ಕು ಸಲ ವೈದ್ಯರನ್ನು ಕಂಡು, ಪ್ರತಿಸಲವೂ ಕಾಲು ಗಂಟೆ ಅವರೊಡನೆ ಕಳೆಯುತ್ತಾನೆಂದು ಭಾವಿಸಿದರೆ, ಒಟ್ಟು ಒಂದು ಗಂಟೆಯಾಯಿತು. ವರ್ಷಕ್ಕೆ 8,760 ಗಂಟೆಗಳು. ಉಳಿದ 8,759 ಗಂಟೆಗಳ ಕಾಲ ಹೊಲದಲ್ಲಿ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಹಾಸಿಗೆಯಲ್ಲಿ ಆತನ ರೋಗವನ್ನು ನೋಡಿಕೊಳ್ಳುವವರು ಯಾರು? ಆತನೇ. ಯಾವ ಔಷಧವನ್ನು ಯಾವಾಗ ತೆಗೆದುಕೊಳ್ಳಬೇಕು, ಯಾವ ಕೆಮ್ಮನ್ನು ಸಾಮಾನ್ಯವೆಂದು ಬಿಡಬೇಕು, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು ಎಂಬ ತೀರ್ಮಾನಗಳನ್ನು ಆತನೇ ಮಾಡಬೇಕಾಗುತ್ತದೆ. ಆದಕಾರಣ ಆಸ್ತಮಾ ರೋಗಿಗೆ ಕೊಡುವ ಶಿಕ್ಷಣವು ಚಿಕಿತ್ಸೆಯ ಜೊತೆಗೆ ಉಚಿತವಾಗಿ ಹೇಳುವ ನಾಲ್ಕು ಹಿತವಚನವಲ್ಲ. ಚಿಕಿತ್ಸೆಯ ಅಂಗವೇ ಆಗಿದೆ.

ಈ ವಿಚಾರವು ತೀರ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನಲ್ಲಿ ಹುಟ್ಟಿ ಈಜಿಪ್ಟಿನಲ್ಲಿ ನೆಲೆಸಿದ ಮೈಮೊನಿಡೀಸ್ ಎಂಬ ಯೆಹೂದಿ ತತ್ತ್ವಜ್ಞಾನಿಯು ಹೆಸರಾಂತ ವೈದ್ಯನೂ ಆಗಿದ್ದನು. ಉಬ್ಬಸದಿಂದ ನರಳುತ್ತಿದ್ದ ಒಬ್ಬ ಉನ್ನತ ಮನೆತನದ ರೋಗಿಗಾಗಿ ಆತನು ಅರಬ್ಬೀ ಭಾಷೆಯಲ್ಲಿ ಒಂದು ಗ್ರಂಥವನ್ನೇ ಬರೆದುಕೊಟ್ಟನು. ಈ ರೋಗಕ್ಕೆ ಮಂತ್ರದಂಥ ಮದ್ದಿಲ್ಲವೆಂದು ಹೇಳಿ, ಆಹಾರ, ನಿದ್ರೆ, ಗಾಳಿ, ಮನಸ್ಸಿನ ಸ್ಥಿತಿ ಮುಂತಾದ ವಿಷಯಗಳಲ್ಲಿ ರೋಗಿಯು ನಡೆದುಕೊಳ್ಳಬೇಕಾದ ಕ್ರಮವನ್ನು ಅದರಲ್ಲಿ ವಿವರಿಸಿದನು. ಅಂದಿನ ಔಷಧಗಳು ಇಂದು ಬಳಕೆಯಲ್ಲಿಲ್ಲ. ಆದರೆ ರೋಗಿಯು ಓದಿ ತಿಳಿದು ನಡೆಯಬೇಕು ಎಂಬ ಆ ವೈದ್ಯನ ನಿಲುವು ಇಂದಿಗೂ ಸಲ್ಲುತ್ತದೆ.

ರೋಗಿಯು ಮೊದಲು ತಿಳಿಯಬೇಕಾದುದು ಔಷಧಗಳ ಎರಡು ಬಗೆಯನ್ನು. ಮಲೆನಾಡಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮುಂಚೆಯೇ ಮಾಡಿನ ಹೆಂಚುಗಳನ್ನು ಕೈಯಾಡಿಸಿ, ಒಡೆದುದನ್ನು ತೆಗೆದು ಹೊಸದನ್ನು ಹೊದಿಸುತ್ತಾರೆ. ಹಾಗೆ ಮಾಡದವನು ಮಳೆ ಸುರಿಯುವಾಗ ಸೋರುವ ಕಡೆಯಲ್ಲೆಲ್ಲ ಪಾತ್ರೆಗಳನ್ನಿಟ್ಟು ರಾತ್ರಿಯನ್ನು ಕಳೆಯಬೇಕಾಗುತ್ತದೆ. ಪಾತ್ರೆಯೂ ಬೇಕಾದುದೇ; ಆದರೆ ಅದು ಮಾಡನ್ನು ಸರಿಪಡಿಸದು. ಆಸ್ತಮಾದಲ್ಲಿಯೂ ಹಾಗೆಯೇ. ಸಾಲ್ಬುಟಮಾಲ್ ಮುಂತಾದ ಶಮನದ ಔಷಧವು ಬಿಗಿದ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಗೊಳಿಸುತ್ತದೆ. ಆದರೆ ಒಳಪೊರೆಯ ಊತವು ಅದರಿಂದ ಇಳಿಯುವುದಿಲ್ಲ. ಊತವನ್ನು ಇಳಿಸುವುದು ಬುಡೆಸೊನೈಡ್, ಬೆಕ್ಲೊಮೆಥಾಸೋನ್ ಮುಂತಾದ ತಡೆಯುವ ಔಷಧ. ಅದರ ಗುಣವು ದಿನಗಳಲ್ಲಿ, ವಾರಗಳಲ್ಲಿ ನಿಧಾನವಾಗಿ ಕಾಣುತ್ತದೆ. ಕೂಡಲೇ ಹಾಯೆನಿಸುವ ಔಷಧವನ್ನು ರೋಗಿಯು ನಂಬುತ್ತಾನೆ. ಏನೂ ಅನಿಸದ ಔಷಧವನ್ನು ಬಿಟ್ಟುಬಿಡುತ್ತಾನೆ. ಆಸ್ತಮಾ ರೋಗಿಗಳು ಮಾಡುವ ತಪ್ಪುಗಳಲ್ಲಿ ಇದಕ್ಕಿಂತ ಹೆಚ್ಚು ಹಾನಿಯನ್ನುಂಟುಮಾಡುವುದು ಮತ್ತೊಂದಿಲ್ಲ. ಆಸ್ತಮಾ ಚಿಕಿತ್ಸೆಯ ಕ್ರಮವನ್ನು ಸೂಚಿಸುವ 'ಜಿನಾ' ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 1993ರಲ್ಲಿ ಸ್ಥಾಪಿತವಾಯಿತು. ವಯಸ್ಕರಿಗೂ ಹದಿಹರೆಯದವರಿಗೂ ಬರಿಯ ಶಮನದ ಔಷಧವನ್ನೊಂದನ್ನೇ ಕೊಡುವುದು ಸುರಕ್ಷಿತವಲ್ಲವೆಂದು ಅದು 2019ರಲ್ಲಿ ಸ್ಪಷ್ಟವಾಗಿ ಸಾರಿತು. ಎರಡು ಬಗೆಯ ಔಷಧಗಳೂ ಕೂಡಿರುವ ಒಂದೇ ಇನ್ಹೇಲರನ್ನು ಇಂದು ಅನೇಕರಿಗೆ ಕೊಡುವುದುಂಟು.

ಈ ಇನ್ಹೇಲರ್ ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. 1950ರ ದಶಕದಲ್ಲಿ ಅಮೆರಿಕದ ರೈಕರ್ ಎಂಬ ಔಷಧ ಕಂಪೆನಿಯ ಮುಖ್ಯಸ್ಥರಾಗಿದ್ದವರು ಜಾರ್ಜ್ ಮೇಸನ್. ಅವರ ಹದಿಮೂರು ವರ್ಷದ ಮಗಳಿಗೆ ಆಸ್ತಮಾ ಇದ್ದಿತು. ಆ ಕಾಲದಲ್ಲಿ ಔಷಧವನ್ನು ಸೇದಲು ರಬ್ಬರಿನ ಬುರುಡೆಯನ್ನು ಹಿಸುಕುವ ಗಾಜಿನ ಉಪಕರಣವೊಂದಿತ್ತು. ಅದು ಸುಲಭವಾಗಿ ಒಡೆಯುತ್ತಿತ್ತು. ಕೂದಲಿಗೆ ಹಾಕುವ ದ್ರವವು ಡಬ್ಬಿಯನ್ನು ಒತ್ತಿದೊಡನೆ ತುಂತುರಾಗಿ ಬರುವಾಗ, ತನ್ನ ಔಷಧವೇಕೆ ಹಾಗೆ ಬರಬಾರದು ಎಂದು ಆ ಬಾಲಕಿಯು ತಂದೆಯನ್ನು ಕೇಳಿದಳು. ಆ ಪ್ರಶ್ನೆಯ ಬೆನ್ನುಹತ್ತಿ ಕಂಪೆನಿಯ ತಜ್ಞರು ದುಡಿದರು. 1956ರಲ್ಲಿ, ಒತ್ತಿದಾಗಲೆಲ್ಲ ಒಂದೇ ಅಳತೆಯ ಔಷಧವನ್ನು ಕೊಡುವ ಪುಟ್ಟ ಇನ್ಹೇಲರ್ ಮಾರುಕಟ್ಟೆಗೆ ಬಂದಿತು. ಮುಂದೆ 1969ರಲ್ಲಿ ಸಾಲ್ಬುಟಮಾಲ್, 1972ರಲ್ಲಿ ಬೆಕ್ಲೊಮೆಥಾಸೋನ್ ಇದೇ ರೂಪದಲ್ಲಿ ಬಳಕೆಗೆ ಬಂದುವು. ರೋಗಿಯೊಬ್ಬಳು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿದುದರಿಂದ ಕೋಟ್ಯಂತರ ಜನರಿಗೆ ಉಪಕಾರವಾಯಿತು.

ಇನ್ಹೇಲರನ್ನು ಕುರಿತು ಜನರಲ್ಲಿ ಅನೇಕ ತಪ್ಪು ತಿಳಿವಳಿಕೆಗಳಿವೆ. ಅದು 'ಕೊನೆಯ ಮದ್ದು', ಒಮ್ಮೆ ಹಿಡಿದರೆ ಚಟವಾಗುತ್ತದೆ, ಮಾತ್ರೆಗಿಂತ ಬಲವಾದುದು ಎಂಬ ಮಾತುಗಳು ಪ್ರಚಾರದಲ್ಲಿವೆ. ಲೆಕ್ಕ ಹಾಕಿ ನೋಡಿದರೆ ಸತ್ಯವು ಬೇರೆಯಾಗಿಯೇ ಇದೆ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ, ಎಂದರೆ 4,000 ಮೈಕ್ರೋಗ್ರಾಂ ಔಷಧವಿರಬಹುದು. ಇನ್ಹೇಲರನ್ನು ಒಮ್ಮೆ ಒತ್ತಿದಾಗ ಬರುವುದು 100 ಮೈಕ್ರೋಗ್ರಾಂ ಮಾತ್ರ. ಮಾತ್ರೆಯು ಹೊಟ್ಟೆಗೆ ಇಳಿದು, ರಕ್ತದಲ್ಲಿ ಬೆರೆತು, ದೇಹವನ್ನೆಲ್ಲ ಸುತ್ತಿದ ಮೇಲೆ ಶ್ವಾಸಕೋಶವನ್ನು ಮುಟ್ಟುತ್ತದೆ. ಇನ್ಹೇಲರಿನ ಔಷಧವು ನೇರವಾಗಿ ಬೇಕಾದ ಜಾಗವನ್ನೇ ಸೇರುತ್ತದೆ. ನಲವತ್ತರಲ್ಲಿ ಒಂದು ಪಾಲು ಸಾಕಾಗುವುದು ಈ ಕಾರಣದಿಂದಲೇ. ತಡೆಯುವ ಔಷಧದಲ್ಲಿರುವ ಸ್ಟಿರಾಯ್ಡಿನ ಪ್ರಮಾಣವೂ ಬಹಳ ಕಡಿಮೆ. ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನಂಥ ತೊಂದರೆಗಳೂ ಬಹುಮಟ್ಟಿಗೆ ತಪ್ಪುತ್ತವೆ. ಕಣ್ಣು ಮಂದವಾದವನು ಪ್ರತಿದಿನ ಕನ್ನಡಕವನ್ನು ಧರಿಸುವುದನ್ನು ಯಾರೂ ಚಟವೆನ್ನುವುದಿಲ್ಲ; ಇದನ್ನು ಮಾತ್ರ ಚಟವೆನ್ನುವುದು ನ್ಯಾಯವಲ್ಲ.

ಔಷಧವು ಕೈಯಲ್ಲಿದ್ದರೆ ಸಾಲದು, ಅದು ಎದೆಯನ್ನು ಸೇರಬೇಕು. ಅನುಭವಿಗಳಾದ ವೈದ್ಯರು ರೋಗಿಯನ್ನು "ಔಷಧ ತೆಗೆದುಕೊಳ್ಳುತ್ತಿದ್ದೀರಾ?" ಎಂದಷ್ಟೇ ಕೇಳಿ ಬಿಡುವುದಿಲ್ಲ. "ಯಜಮಾನರೇ, ಹೇಗೆ ಸೇದುತ್ತೀರಿ, ಒಮ್ಮೆ ಮಾಡಿ ತೋರಿಸಿ" ಎನ್ನುತ್ತಾರೆ. ತೋರಿಸಿದಾಗ ಎಷ್ಟೋ ಮಂದಿಯ ತಪ್ಪು ಹೊರಬೀಳುತ್ತದೆ. ಒಬ್ಬರು ಮುಚ್ಚಳವನ್ನು ತೆಗೆದು ಅಲುಗಿಸದೆಯೇ ಒತ್ತುತ್ತಾರೆ. ಇನ್ನೊಬ್ಬರು ಒತ್ತಿದ ಮೇಲೆ ತಡವಾಗಿ ಉಸಿರೆಳೆಯುತ್ತಾರೆ. ಮತ್ತೊಬ್ಬರು ಮೂಗಿನಿಂದ ಎಳೆಯುತ್ತಾರೆ. ಔಷಧವೆಲ್ಲ ನಾಲಗೆಯ ಮೇಲೆ ಉಳಿಯುತ್ತದೆ. ಸರಿಯಾದ ಕ್ರಮವು ಕಷ್ಟದ್ದೇನಲ್ಲ. ತುಂತುರು ಇನ್ಹೇಲರನ್ನು ಚೆನ್ನಾಗಿ ಅಲುಗಿಸಬೇಕು. ಉಸಿರನ್ನು ಪೂರ್ತಿಯಾಗಿ ಹೊರಗೆ ಬಿಡಬೇಕು. ತುಟಿಗಳಿಂದ ಅದರ ಬಾಯನ್ನು ಬಿಗಿಯಾಗಿ ಮುಚ್ಚಬೇಕು. ನಿಧಾನವಾಗಿ ಉಸಿರೆಳೆಯಲು ತೊಡಗಿದೊಡನೆ ಒತ್ತಿ, ಆಳವಾಗಿ ಎಳೆದುಕೊಳ್ಳಬೇಕು. ಬಳಿಕ ಹತ್ತು ಎಣಿಸುವವರೆಗೆ ಉಸಿರನ್ನು ಹಿಡಿದಿರಬೇಕು. ಕೈಗೂ ಉಸಿರಿಗೂ ಹೊಂದಾಣಿಕೆಯಾಗದವರು 'ಸ್ಪೇಸರ್' ಎಂಬ ಟೊಳ್ಳು ಕೊಳವೆಯನ್ನು ಜೋಡಿಸಿಕೊಳ್ಳಬಹುದು. ಪುಡಿಯ ರೂಪದ ಔಷಧವಾದರೆ ಕ್ರಮವು ಬೇರೆ. ಅದನ್ನು ನಿಧಾನವಾಗಿ ಅಲ್ಲ, ರಭಸದಿಂದ ಆಳವಾಗಿ ಎಳೆಯಬೇಕು. ಕಲಿತವರೂ ಕಾಲಕ್ರಮದಲ್ಲಿ ಮರೆಯುವುದುಂಟು. ಆದುದರಿಂದ ಪ್ರತಿಯೊಂದು ಭೇಟಿಯಲ್ಲಿಯೂ ಮಾಡಿ ತೋರಿಸುವುದು ಒಳ್ಳೆಯದು.

ಎರಡನೆಯ ಪಾಠವು ತನ್ನ ರೋಗವನ್ನು ಕೆರಳಿಸುವ ವಸ್ತುಗಳನ್ನು ಗುರುತಿಸುವುದು. ಅವು ಎಲ್ಲರಿಗೂ ಒಂದೇ ಅಲ್ಲ. ಒಬ್ಬರಿಗೆ ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳುಗಳು, ಒಬ್ಬರಿಗೆ ಹೂವಿನ ಪರಾಗ, ಒಬ್ಬರಿಗೆ ಸೌದೆ ಒಲೆಯ ಹೊಗೆ, ಊದಿನಕಡ್ಡಿ, ಸೊಳ್ಳೆಬತ್ತಿ, ಒಗ್ಗರಣೆಯ ಘಾಟು, ಇನ್ನೊಬ್ಬರಿಗೆ ನೆಗಡಿ ಅಥವಾ ಚಳಿಗಾಳಿ. ಕೆಲವು ವಯಸ್ಕರಿಗೆ ಆಸ್ಪಿರಿನ್ನಿನಂಥ ನೋವಿನ ಮಾತ್ರೆಯೂ ಆಗದು. ಬೀಡಿ ಸಿಗರೇಟುಗಳ ಹೊಗೆಯಂತೂ ಸೇದಿದವನಿಗೂ ಪಕ್ಕದಲ್ಲಿ ಕುಳಿತವನಿಗೂ ಕೆಡುಕೇ. ಮಾಡುವ ಕಸಬೂ ಕಾರಣವಾಗಬಹುದು. ಕರ್ನಾಟಕದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಆಸ್ತಮಾ ಹೆಚ್ಚಾಗಿರುವುದನ್ನು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಭಾನುವಾರ ಸರಾಗವಾಗಿದ್ದ ಉಸಿರು ಸೋಮವಾರ ಸಂಜೆಗೆ ಕಟ್ಟಿಕೊಳ್ಳುವುದಾದರೆ, ಕೆಲಸದ ಸ್ಥಳದ ಕಡೆಗೆ ಗಮನ ಹರಿಸಬೇಕು. ಇಂಥ ಸಂಗತಿಗಳನ್ನು ದಿನವೂ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ರೋಗಿಯು ಒಂದೆರಡು ತಿಂಗಳಲ್ಲಿ ತನ್ನ ಶತ್ರುವನ್ನು ತಾನೇ ಕಂಡುಕೊಳ್ಳುತ್ತಾನೆ. ಹಾಗಲ್ಲದೆ ಯಾರೋ ಹೇಳಿದರೆಂದು ಬಾಳೆಹಣ್ಣನ್ನೂ ಮೊಸರನ್ನೂ ಒಂದೊಂದಾಗಿ ಬಿಡುತ್ತ ಹೋದರೆ ದೇಹ ಸೊರಗುತ್ತದೆಯೇ ಹೊರತು ರೋಗವು ತಗ್ಗುವುದಿಲ್ಲ.

ಮೂರನೆಯ ಪಾಠವು ಉಸಿರನ್ನು ಅಳೆಯುವುದು. ಜ್ವರಕ್ಕೆ ಉಷ್ಣತಾಮಾಪಕವಿರುವಂತೆ ಉಬ್ಬಸಕ್ಕೂ ಒಂದು ಮಾಪಕವುಂಟು. ಬ್ರಿಟನ್ನಿನ ಬಿ. ಎಂ. ರೈಟ್ ಎಂಬ ವಿಜ್ಞಾನಿಯು ರೂಪಿಸಿದ, 1959ರಲ್ಲಿ ವೈದ್ಯಲೋಕಕ್ಕೆ ಪರಿಚಯವಾದ 'ಪೀಕ್ ಫ್ಲೋ ಮೀಟರ್' ಎಂಬುದೇ ಅದು. ಮುಂದೆ ಅದರ ಚಿಕ್ಕ ರೂಪವೂ ಬಂದು ಮನೆಯಲ್ಲಿಯೇ ಬಳಸುವುದು ಸಾಧ್ಯವಾಯಿತು. ಎದೆ ತುಂಬ ಗಾಳಿ ಎಳೆದುಕೊಂಡು ಅದರ ಕೊಳವೆಯಲ್ಲಿ ಜೋರಾಗಿ ಊದಿದರೆ, ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಗಾಳಿ ಹೊರಬಂದಿತೆಂಬುದನ್ನು ಮುಳ್ಳು ತೋರಿಸುತ್ತದೆ. ಮೂರು ಸಲ ಊದಿ ಹೆಚ್ಚಿನದನ್ನು ಬರೆದುಕೊಳ್ಳಬೇಕು. ಒಬ್ಬ ರೋಗಿಯು ಚೆನ್ನಾಗಿರುವಾಗ ಊದಿದ ಅತ್ಯುತ್ತಮ ಅಳತೆ 400 ಆಗಿದ್ದರೆ, ಅದರ ಶೇಕಡ 80, ಎಂದರೆ 320ಕ್ಕಿಂತ ಮೇಲಿರುವುದು ಹಸಿರು ವಲಯ. 200ರಿಂದ 320ರವರೆಗೆ ಹಳದಿ ವಲಯ. 200ಕ್ಕಿಂತ ಕೆಳಗಿಳಿದರೆ ಕೆಂಪು ವಲಯ. ರಸ್ತೆಯ ದೀಪಗಳಂತೆಯೇ ಇವುಗಳ ಅರ್ಥ. ಹಸಿರಿನಲ್ಲಿ ಎಂದಿನ ಔಷಧವನ್ನು ಮುಂದುವರಿಸುವುದು. ಹಳದಿಯಲ್ಲಿ ವೈದ್ಯರು ಮೊದಲೇ ಬರೆದುಕೊಟ್ಟಂತೆ ಔಷಧವನ್ನು ಹೆಚ್ಚಿಸುವುದು. ಕೆಂಪಿನಲ್ಲಿ ಶಮನದ ಔಷಧವನ್ನು ತೆಗೆದುಕೊಂಡು ತಡಮಾಡದೆ ಆಸ್ಪತ್ರೆಗೆ ಹೊರಡುವುದು. ಹಾಗೆ ಬರೆದುಕೊಟ್ಟ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿಟ್ಟಿದ್ದರೆ, ನಡುರಾತ್ರಿಯ ಗಾಬರಿಯಲ್ಲಿ ರೋಗಿಯೂ ಮನೆಯವರೂ ಯೋಚಿಸುತ್ತ ಕೂರಬೇಕಾಗಿಲ್ಲ. ಮಾಪಕವಿಲ್ಲದವರು ಲಕ್ಷಣಗಳನ್ನೇ ಅಳತೆಯಾಗಿ ಇಟ್ಟುಕೊಳ್ಳಬಹುದು. ರಾತ್ರಿ ಎಚ್ಚರವಾಯಿತೇ, ಮೆಟ್ಟಿಲೇರುವಾಗ ಏದುಸಿರು ಬಂದಿತೇ, ಶಮನದ ಔಷಧವು ವಾರಕ್ಕೆ ಎಷ್ಟು ಸಲ ಬೇಕಾಯಿತು ಎಂಬ ಪ್ರಶ್ನೆಗಳಿಗೆ ಉತ್ತರವೇ ಅಳತೆ.

ಇಷ್ಟನ್ನೆಲ್ಲ ಒಂದು ಪುಸ್ತಿಕೆಯಲ್ಲಿ ಅಚ್ಚುಹಾಕಿಸಿ ಹಂಚಿದರೆ ಸಾಲದೇ ಎಂಬ ಪ್ರಶ್ನೆಯು ಏಳಬಹುದು. ಸಾಲದೆಂಬುದಕ್ಕೆ ಆಧಾರವಿದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ 'ಕಾಕ್ರೇನ್' ಎಂಬ ಸಂಸ್ಥೆಯು 2002 ಮತ್ತು 2003ರ ಸುಮಾರಿಗೆ ವಯಸ್ಕ ಆಸ್ತಮಾ ರೋಗಿಗಳ ಶಿಕ್ಷಣವನ್ನು ಕುರಿತು ಎರಡು ಸಮೀಕ್ಷೆಗಳನ್ನು ಪ್ರಕಟಿಸಿತು. ಮಾಹಿತಿಯನ್ನಷ್ಟೇ ತಿಳಿಸಿದ 12 ಪ್ರಯೋಗಗಳನ್ನು ಮೊದಲನೆಯದು ಪರಿಶೀಲಿಸಿತು. ರೋಗಿಗಳ ತಿಳಿವಳಿಕೆ ಹೆಚ್ಚಿತು. ಆದರೆ ಅವರು ಆಸ್ಪತ್ರೆಗೆ ಸೇರುವುದು ಕಡಿಮೆಯಾಗಲಿಲ್ಲ. ಎರಡನೆಯದು ಪರಿಶೀಲಿಸಿದ 36 ಪ್ರಯೋಗಗಳಲ್ಲಿ ರೋಗಿಗಳಿಗೆ ತಿಳಿವಳಿಕೆಯ ಜೊತೆಗೆ ತಮ್ಮನ್ನು ತಾವೇ ಗಮನಿಸಿಕೊಳ್ಳುವುದನ್ನು ಕಲಿಸಿ, ಆಗಾಗ್ಗೆ ವೈದ್ಯರಿಂದ ಪರೀಕ್ಷೆಯನ್ನು ಮಾಡಿಸಲಾಗಿತ್ತು. ಅನೇಕ ಕಡೆ ಏನು ಮಾಡಬೇಕೆಂಬ ಲಿಖಿತ ಯೋಜನೆಯನ್ನೂ ಕೊಡಲಾಗಿತ್ತು. ಅಲ್ಲಿ ಆಸ್ಪತ್ರೆ ಸೇರುವವರ ಸಂಖ್ಯೆ, ತುರ್ತು ಭೇಟಿಗಳು, ಕೆಲಸ ತಪ್ಪಿದ ದಿನಗಳು, ರಾತ್ರಿಯ ಉಬ್ಬಸ ಎಲ್ಲವೂ ತಗ್ಗಿದುವು. ಈಜನ್ನು ಕುರಿತ ಪುಸ್ತಕವನ್ನು ಓದಿದವನು ಕೆರೆಗೆ ಇಳಿಯದೆ ಈಜುಗಾರನಾಗಲಾರನು. ಮಾಡಿ ಕಲಿತುದು ಮಾತ್ರ ಕಷ್ಟಕಾಲದಲ್ಲಿ ಕೈಗೆ ಬರುತ್ತದೆ.

ಇದನ್ನು ಒಂದು ದೇಶವು ರಾಷ್ಟ್ರದ ಮಟ್ಟದಲ್ಲಿಯೇ ಮಾಡಿ ತೋರಿಸಿತು. ಫಿನ್ಲೆಂಡಿನಲ್ಲಿ 1994ರಿಂದ 2004ರವರೆಗೆ ಹತ್ತು ವರ್ಷಗಳ ಆಸ್ತಮಾ ಕಾರ್ಯಕ್ರಮವು ನಡೆಯಿತು. ವೈದ್ಯರಿಗೆ, ದಾದಿಯರಿಗೆ, ಔಷಧದಂಗಡಿಯವರಿಗೆ ತರಬೇತಿಯನ್ನು ಕೊಟ್ಟು, ರೋಗಿಗಳಿಗೆ ತಮ್ಮ ರೋಗವನ್ನು ತಾವೇ ನಿಭಾಯಿಸುವುದನ್ನು ಕಲಿಸಲಾಯಿತು. ಗುರುತಿಸಲ್ಪಟ್ಟ ರೋಗಿಗಳ ಸಂಖ್ಯೆಯು ಆ ಅವಧಿಯಲ್ಲಿ ಏರಿದರೂ, ಆಸ್ತಮಾಕ್ಕಾಗಿ ಆಸ್ಪತ್ರೆಯಲ್ಲಿ ಕಳೆದ ದಿನಗಳ ಒಟ್ಟು ಮೊತ್ತವು ಅರ್ಧಕ್ಕಿಂತ ಕಡಿಮೆಯಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಬ್ರಿಟನ್ನಿನಲ್ಲಿ ಆಸ್ತಮಾದಿಂದ ಸತ್ತ 195 ಮಂದಿಯ ವಿವರಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವರದಿಯು ಕಣ್ತೆರೆಸುವಂತಿದೆ. ಅವರಲ್ಲಿ ಲಿಖಿತ ಯೋಜನೆಯನ್ನು ಪಡೆದಿದ್ದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಅರ್ಧಕ್ಕೆ ಸಮೀಪದಷ್ಟು ಮಂದಿ ವೈದ್ಯಕೀಯ ನೆರವನ್ನು ಕೇಳದೆಯೇ ಅಥವಾ ಅದು ದೊರೆಯುವ ಮೊದಲೇ ಕೊನೆಯುಸಿರೆಳೆದಿದ್ದರು. ಆಸ್ಪತ್ರೆಗಳಿಗೆ ಕೊರತೆಯಿಲ್ಲದ ದೇಶದಲ್ಲಿ ಹೀಗಾಗಬೇಕಾದರೆ, ಅಪಾಯವನ್ನು ಗುರುತಿಸುವ ಅರಿವಿನ ಬೆಲೆ ಎಷ್ಟೆಂಬುದು ವ್ಯಕ್ತವಾಗುತ್ತದೆ.

ಅಪಾಯದ ಗುರುತುಗಳು ರೋಗಿಯೊಬ್ಬನಿಗೇ ಅಲ್ಲ, ಮನೆಯ ಎಲ್ಲರಿಗೂ ತಿಳಿದಿರಬೇಕು. ಶಮನದ ಔಷಧವನ್ನು ಸೇದಿದರೂ ಸಮಾಧಾನವಾಗದಿರುವುದು, ಒಂದೊಂದು ಶಬ್ದಕ್ಕೂ ನಿಂತು ಉಸಿರೆಳೆಯುವುದು, ಮಲಗಲಾರದೆ ಕುಳಿತೇ ಇರುವುದು, ತುಟಿ ಉಗುರುಗಳು ನೀಲಿಗಟ್ಟುವುದು, ಮಂಪರು ಕವಿಯುವುದು ಇವು ಪ್ರಾಣಾಪಾಯದ ಸೂಚನೆಗಳು. ಇನ್ನೊಂದು ಸೂಚನೆಯು ನೋಡುವವರನ್ನು ಮೋಸಗೊಳಿಸುತ್ತದೆ. ರೋಗಿಯು ದಣಿದಿರುವಾಗಲೇ ಎದೆಯ ಸಿಳ್ಳೆಯ ಸದ್ದು ನಿಂತುಹೋದರೆ ಅದು ಗುಣವಾದ ಲಕ್ಷಣವಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಆಡುತ್ತಿಲ್ಲವೆಂದು ಅರ್ಥ. ಇಂಥ ಹೊತ್ತಿನಲ್ಲಿ ರೋಗಿಯನ್ನು ಮಲಗಿಸದೆ ನೆಟ್ಟಗೆ ಕುಳ್ಳಿರಿಸಿ, ಬಿಗಿಯಾದ ಉಡುಪನ್ನು ಸಡಿಲಿಸಿ, ಶಮನದ ಔಷಧವನ್ನು ಯೋಜನೆಯಲ್ಲಿ ಬರೆದಿರುವಂತೆ ಕೊಡುತ್ತ, ಕೂಡಲೇ 108ಕ್ಕೆ ಕರೆಮಾಡಿ ಆಂಬುಲೆನ್ಸನ್ನು ಕರೆಸಬೇಕು. ಸುತ್ತ ಜನರು ಮುತ್ತಿಕೊಂಡು ಗಾಳಿಗೆ ಅಡ್ಡ ನಿಲ್ಲಬಾರದು. ಬೆಳಗಾಗಲಿ ನೋಡೋಣ ಎಂದು ಕಾಯಲೂಬಾರದು.

ಯೋಗಾಭ್ಯಾಸದಿಂದಲೂ ಉಪಯೋಗವುಂಟೇ ಎಂದು ಅನೇಕರು ಕೇಳುತ್ತಾರೆ. ಬೆಂಗಳೂರಿನಲ್ಲಿ ಡಾ. ಆರ್. ನಾಗರತ್ನ ಮತ್ತು ಡಾ. ಎಚ್. ಆರ್. ನಾಗೇಂದ್ರ ಅವರು 53 ಮಂದಿ ರೋಗಿಗಳಿಗೆ ಯೋಗವನ್ನು ಕಲಿಸಿ, ಎಂದಿನ ಔಷಧವನ್ನಷ್ಟೇ ಮುಂದುವರಿಸಿದ ಬೇರೆ 53 ಮಂದಿಯೊಡನೆ ಹೋಲಿಸಿದರು. ಯೋಗವನ್ನು ಅಭ್ಯಾಸಮಾಡಿದವರಲ್ಲಿ ಉಬ್ಬಸದ ಸರದಿಗಳು ಕಡಿಮೆಯಾದುವೆಂದು 1985ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಅವರು ಪ್ರಕಟಿಸಿದರು. ಯೋಗವು ಚಿಕಿತ್ಸೆಗೆ ಜೊತೆಯಾಗಬಲ್ಲುದು. ಆದರೆ ಇನ್ಹೇಲರನ್ನು ಬಿಸುಟು ಅದೊಂದನ್ನೇ ನೆಚ್ಚುವುದು ವಿವೇಕವಲ್ಲ. ಹಾಗೆಯೇ ಮೃಗಶಿರಾ ಮಳೆ ಹಿಡಿಯುವ ಜೂನ್ ತಿಂಗಳಿನಲ್ಲಿ, ಜೀವಂತ ಮೀನಿನ ಬಾಯಲ್ಲಿ ಮದ್ದನ್ನಿಟ್ಟು ನುಂಗಿಸುವ ಹೈದರಾಬಾದಿನ ಚಿಕಿತ್ಸೆಗಾಗಿ ಕರ್ನಾಟಕದಿಂದಲೂ ಜನರು ಹೋಗುವುದುಂಟು. ಅದರಿಂದ ಆಸ್ತಮಾ ಗುಣವಾಗುತ್ತದೆಂಬುದು ವೈಜ್ಞಾನಿಕವಾಗಿ ಸಿದ್ಧಪಟ್ಟಿಲ್ಲ. ದಿನದಿನದ ಬಾಧೆಯಿಂದ ಬೇಸತ್ತವರು ನಂಬಿಕೆಯನ್ನು ಅರಸಿ ದೂರ ಹೋಗುವುದನ್ನು ಹಾಸ್ಯಮಾಡಬಾರದು. ಆದರೆ ಹೋಗುವವರ ಚೀಲದಲ್ಲಿ ಇನ್ಹೇಲರ್ ಇದೆಯೇ ಎಂದು ನೋಡುವುದು ಮನೆಯವರ ಕರ್ತವ್ಯ.

ಇಷ್ಟೆಲ್ಲ ಅರಿವನ್ನು ಕೊಡಬೇಕಾದ ಗುರುಗಳು ಯಾರು? ವೈದ್ಯರು, ದಾದಿಯರು, ಔಷಧದಂಗಡಿಯವರು ಮೊದಲಿಗರು. ಅವರು ರೋಗಿಯ ಭಾಷೆಯಲ್ಲಿ ಮಾತನಾಡಬೇಕು. ಓದುಬರಹ ಬಾರದವರಿಗೆ ಚಿತ್ರಗಳಿಂದ ತಿಳಿಸಬೇಕು. ಹೇಳಿದುದನ್ನು ರೋಗಿಯಿಂದಲೇ ಮತ್ತೆ ಹೇಳಿಸಿ ಕೇಳಬೇಕು. ರೋಗಿಯು ಔಷಧವನ್ನು ಬಿಟ್ಟಿದ್ದರೆ ಗದರಿಸದೆ, ಅದಕ್ಕೆ ಕಾರಣವು ಭಯವೋ, ಬಡತನವೋ, ಮರೆವೋ ಎಂಬುದನ್ನು ವಿಚಾರಿಸಬೇಕು. ಗದರಿಸಿಕೊಂಡವನು ಮುಂದಿನ ಸಲ ಸತ್ಯವನ್ನು ಹೇಳುವುದಿಲ್ಲ. ಮನೆಯಲ್ಲಿ ಓದು ಬಲ್ಲ ಮಕ್ಕಳೂ ಈ ಕೆಲಸದಲ್ಲಿ ನೆರವಾಗಬಲ್ಲರು. ಇನ್ಹೇಲರಿನ ಮೇಲೆ ಮುದ್ರಿಸಿರುವ ಅವಧಿಯ ದಿನಾಂಕವನ್ನು ಅಜ್ಜಿಗೆ ಓದಿ ಹೇಳುವುದು, ತಡೆಯುವುದು ಯಾವುದು, ಶಮನದ್ದು ಯಾವುದು ಎಂದು ಎರಡಕ್ಕೂ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸುವುದು, ತಂದೆಯು ಮೂರು ಸಲ ಊದಿದ ಅಳತೆಯನ್ನು ಪುಸ್ತಕದಲ್ಲಿ ಬರೆದಿಡುವುದು ಇವು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಕಷ್ಟವಾದ ಕೆಲಸಗಳಲ್ಲ. ಇನ್ಹೇಲರನ್ನು ಸೆರಗಿನ ಮರೆಯಲ್ಲಿ, ಬಾಗಿಲ ಹಿಂದೆ ಸೇದುವ ತಾಯಿಗೆ ಆಕೆಯ ಮಗುವೇ "ಇಲ್ಲೇ ಕುಳಿತು ತೆಗೆದುಕೋ ಅಮ್ಮ, ಇದರಲ್ಲಿ ನಾಚಿಕೆಯೇನು?" ಎಂದರೆ, ಆ ಮಾತಿನಿಂದ ಆಗುವ ಉಪಕಾರವು ಸಣ್ಣದಲ್ಲ.

ಆಸ್ತಮಾವನ್ನು ಬುಡಸಹಿತ ಕಿತ್ತೊಗೆಯುವ ಔಷಧವು ಇನ್ನೂ ದೊರೆತಿಲ್ಲ. ಆದರೆ ಅದನ್ನು ಹತೋಟಿಯಲ್ಲಿಟ್ಟುಕೊಂಡು ಹೊಲ ಉಳುವವರು, ಬಸ್ಸು ನಡೆಸುವವರು, ಪಾಠ ಹೇಳುವವರು, ಆಟದ ಬಯಲಿನಲ್ಲಿ ಓಡುವವರು ಅಸಂಖ್ಯಾತರಿದ್ದಾರೆ. ಅವರಿಗೂ, ಹತ್ತು ಹೆಜ್ಜೆ ನಡೆದು ನಿಲ್ಲುವವರಿಗೂ ಇರುವ ವ್ಯತ್ಯಾಸವು ಹಲವು ವೇಳೆ ಔಷಧದಲ್ಲಿಲ್ಲ, ಅದನ್ನು ಬಳಸುವ ತಿಳಿವಳಿಕೆಯಲ್ಲಿದೆ. ತನ್ನ ರೋಗವನ್ನು ಅರಿತು, ಅದನ್ನು ಕುರಿತು ಅಂಜದೆ ಉಸಿರೆತ್ತಿದವನು ಸರಾಗವಾಗಿ ಉಸಿರಾಡಬಲ್ಲನು.

ಅಭ್ಯಾಸ

1. ಶಮನದ ಔಷಧಕ್ಕೂ ತಡೆಯುವ ಔಷಧಕ್ಕೂ ಇರುವ ವ್ಯತ್ಯಾಸವನ್ನು ಹೆಂಚಿನ ಮಾಡಿನ ಹೋಲಿಕೆಯಿಂದ ವಿವರಿಸಿರಿ.
2. ಇನ್ಹೇಲರ್ ಬಳಕೆಗೆ ಬಂದ ಬಗೆಯನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
3. ಒಬ್ಬ ರೋಗಿಯ ಅತ್ಯುತ್ತಮ ಅಳತೆಯು 500 ಆಗಿದ್ದರೆ, ಅವನ ಹಸಿರು, ಹಳದಿ, ಕೆಂಪು ವಲಯಗಳ ಎಲ್ಲೆಗಳನ್ನು ಲೆಕ್ಕ ಹಾಕಿರಿ.
4. ಬರಿಯ ಮಾಹಿತಿಯನ್ನು ಕೊಟ್ಟರೆ ಸಾಲದು ಎಂಬುದಕ್ಕೆ ಪಾಠದಲ್ಲಿ ಕೊಟ್ಟಿರುವ ಆಧಾರಗಳಾವುವು?
5. 'ಉಸಿರು' ಎಂಬ ಶಬ್ದದ ಎರಡು ಅರ್ಥಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.